ಒಂಬತ್ತನೆಯ ಅಡಿಟಿಪ್ಪಣಿ

೨೦೨೪ರ ಏಪ್ರಿಲ್ ೧೨, ಶುಕ್ರವಾರ, ಬೆಳಿಗ್ಗೆ ಎಂಟು ಗಂಟೆ ನಲವತ್ತು ನಿಮಿಷ. ರೂಫಸ್ ಪ್ರಾಥರ್ ಅಂಚೆ ಕೋಣೆಯ ತೂಕದ ಯಂತ್ರವನ್ನು ಎರಡೂ ಕೈಯಲ್ಲಿ ಹಿಡಿದು ತಂದು ಐಲಾ ಮೆರಿಲ್‌ಳ ಮೇಜಿನ ಮೇಲಿಟ್ಟ. ಮೇಜಿನ ಇನ್ನೊಂದು ತುದಿಯಲ್ಲಿ ನಾಲ್ಕು ದಪ್ಪ ಪುಸ್ತಕಗಳು ಸಾಲಾಗಿ ಕೂತಿದ್ದವು. ಹಸಿರು, ಕೆಂಪು, ಬೂದು, ನೀಲಿ. ನಾಲ್ಕೂ ಸಂವಿಧಾನ ಕಾನೂನಿನ ಕೇಸ್‌ಬುಕ್‌ಗಳು. ಇನ್ನೂರು ವರ್ಷಗಳ ತೀರ್ಪುಗಳನ್ನು ಕತ್ತರಿಸಿ, ಹೊಲಿದು, ಮೊದಲ ವರ್ಷದ ವಿದ್ಯಾರ್ಥಿಗಳ ಚೀಲಕ್ಕೆ ಹಿಡಿಸುವಂತೆ ಮಾಡಿದ ಸಂಗ್ರಹಗಳು. ಮುಂದಿನ ವರ್ಷಕ್ಕೆ ಯಾವುದು ಎಂದು ಬರೆದುಕೊಡಲು ಮಧ್ಯಾಹ್ನ ಹನ್ನೆರಡರ ಗಡುವು.

"ಇದನ್ನ ಎತ್ತಿ ನೋಡಿ ಐಲಾ," ಎಂದ ರೂಫಸ್, ಹಸಿರು ಪುಸ್ತಕವನ್ನು ತಕ್ಕಡಿಯ ಮೇಲಿಡುತ್ತ. "ಐದು ಪೌಂಡು ಹದಿನಾಲ್ಕು ಔನ್ಸು. ಇದರ ಜೊತೆಗೆ ಪುರವಣಿ ಬೇರೆ, ಅದೊಂದು ಪೌಂಡು ಹನ್ನೊಂದು. ಇದನ್ನ ಹೊತ್ಕೊಂಡು ಈ ಬೆಟ್ಟ ಹತ್ತೋ ಮಕ್ಕಳು ಸಂವಿಧಾನ ಬರೆದೋರಿಗೆ ದಿನಾ ಶಾಪ ಹಾಕ್ತಾರೆ."

"ನಾವು ಓದುವಾಗ ಲಿಫ್ಟೂ ಇರಲಿಲ್ಲ."

"ನೀವು ಓದುವಾಗ ಸಂವಿಧಾನ ಇನ್ನೂ ಚಿಕ್ಕದಿತ್ತು."

ಐಲಾ ನಕ್ಕಳು. ರೂಫಸ್‌ಗೆ ಮೂವತ್ತೆಂಟು, ಅವಳಿಗೆ ಅರವತ್ತೇಳು. ಡುಲೂತ್ ಊರಿನ ಈ ಕಾನೂನು ಕಾಲೇಜಿನಲ್ಲಿ ಮೊದಲ ವರ್ಷದವರಿಗೆ ಎರಡು ವಿಭಾಗ. ಒಂದು ಅವಳದು, ಇನ್ನೊಂದು ಅವನದು. ಎರಡಕ್ಕೂ ಒಂದೇ ಪುಸ್ತಕ ಎಂಬುದು ಮೊದಲಿನಿಂದ ಬಂದ ರೂಢಿ. ಹಿರಿಯ ವಿದ್ಯಾರ್ಥಿಗಳ ಹಳೆಯ ಪ್ರತಿ ಕಿರಿಯರಿಗೆ ಸಿಗಬೇಕು, ಇಬ್ಬರು ಮೇಷ್ಟ್ರಲ್ಲಿ ಒಬ್ಬರು ಹಾಸಿಗೆ ಹಿಡಿದರೆ ಇನ್ನೊಬ್ಬರು ಅದೇ ಪುಟದಿಂದ ಮುಂದುವರಿಸಬೇಕು. ಇಪ್ಪತ್ತಾರು ವರ್ಷದಿಂದ ಆ ಪುಸ್ತಕ ಹಸಿರು ಬಣ್ಣದ್ದೇ. ಸೈಲಸ್ ಗ್ರೇಬಿಲ್ ಎಂಬ ಹಳೆಯ ಪ್ರಾಧ್ಯಾಪಕರು ಸಂಪಾದಿಸಿದ್ದು. ಕೊನೆಯ ಆವೃತ್ತಿ ಹನ್ನೊಂದು ವರ್ಷದ ಹಿಂದಿನದು. ಆಮೇಲೆ ಬಂದ ತೀರ್ಪುಗಳನ್ನೆಲ್ಲ ಪ್ರಕಾಶಕರು ವರ್ಷವರ್ಷವೂ ಪುರವಣಿಗೆ ತುಂಬುತ್ತ ಹೋಗಿ, ಈಗ ಪುರವಣಿಯೇ ನಾನೂರ ಹನ್ನೆರಡು ಪುಟ.

ರೂಫಸ್ ಸ್ಟೀಲ್ ಅಳತೆಪಟ್ಟಿ ತೆಗೆದು ದಪ್ಪ ಅಳೆದ. ಅವನು ಏನನ್ನೂ ಕಣ್ಣಂದಾಜಿನಲ್ಲಿ ಬಿಡುವವನಲ್ಲ. ಒಂದು ಹಾಳೆಯ ಮೇಲೆ ನಾಲ್ಕು ಕಂಬ ಎಳೆದು ಪುಟ, ತೂಕ, ದಪ್ಪ, ಕಳೆದ ಹತ್ತು ವರ್ಷದ ತೀರ್ಪುಗಳಲ್ಲಿ ಎಷ್ಟು ಸೇರಿವೆ ಎಂದು ತುಂಬುತ್ತ ಹೋದ. ಕೊನೆಯ ಸಾಲಿನಲ್ಲಿ ನೀಲಿಗೆ ಮೂವತ್ತನಾಲ್ಕು ಎಂದು ಬರೆದ. ಹಸಿರಿಗೆ ಸೊನ್ನೆ.

"ಇಷ್ಟಕ್ಕೂ ಲೆಕ್ಕ ಬೇಡ," ಎಂದ ಅವನು, ದನಿ ತಗ್ಗಿಸಿ. "ಕಳೆದ ಬೇಸಿಗೆಯಲ್ಲಿ ನಮ್ಮ ಹುಡುಗಿ, ಆ ಟೆರೆಲ್, ಜಡ್ಜ್ ಆಫೀಸಿನಲ್ಲಿ ಕೆಲಸಕ್ಕೆ ಹೋಗಿದ್ಲಲ್ಲ. ಟಿಪ್ಪಣಿ ಬರೆದುಕೊಡು ಅಂದ್ರೆ ಹಸಿರು ಪುಸ್ತಕ ನೋಡಿ ಬರೆದುಕೊಟ್ಳಂತೆ. ಸತ್ತ ತೀರ್ಪು, ಆಮೇಲೆ ರದ್ದಾದದ್ದು. ಪುರವಣಿಯಲ್ಲಿ ಸತ್ತಿದೆ ಅಂತ ಇತ್ತು, ಪುಸ್ತಕದಲ್ಲಿ ಇನ್ನೂ ಜೀವ ಇತ್ತು. ಜಡ್ಜ್ ಎಲ್ಲರ ಮುಂದೆ ಓದಿ ನಕ್ಕರಂತೆ. ಅವಳು ಬಂದು ನನ್ನ ರೂಮಲ್ಲಿ ಅತ್ತಳು. ಪೂರ್ತಿ ತಪ್ಪು ಅವಳದಲ್ಲ ಐಲಾ."

"ಗೊತ್ತು ಕಣಪ್ಪ."

"ಹಾಗಾದ್ರೆ ನೀಲಿ?"

"ಹನ್ನೆರಡರ ತನಕ ಟೈಮ್ ಇದೆಯಲ್ಲ. ಹತ್ತಕ್ಕೆ ನನ್ನ ಕ್ಲಾಸು. ಮುಗಿಸಿ ಬರ್ತೀನಿ."

ರೂಫಸ್ ಹೊರಟ ಮೇಲೆ ಅವಳು ಬಾಗಿಲು ಮುಚ್ಚಿ ನಾಲ್ಕು ಪುಸ್ತಕಗಳ ಹಿಂದಿನ ಸೂಚಿಯನ್ನೂ ತೆರೆದಳು. ಅವನ ಹಾಳೆಯಲ್ಲಿ ಇರದ ಒಂದು ಕಂಬ ಅವಳ ತಲೆಯಲ್ಲಿತ್ತು. ಕೊರ್ಪೆಲಾ ವಿರುದ್ಧ ಸ್ಟ್ರೀಟರ್, ೧೯೮೧. ಬೂದು ಪುಸ್ತಕದಲ್ಲಿ ಆ ಹೆಸರೇ ಇರಲಿಲ್ಲ. ಕೆಂಪಿನಲ್ಲಿ ಮೂರು ಪುಟ, ಶುರುವಿನಲ್ಲೇ 'ಅಡಿಟಿಪ್ಪಣಿಗಳನ್ನು ಕೈಬಿಡಲಾಗಿದೆ' ಎಂಬ ಸಾಲು. ನೀಲಿಯಲ್ಲಿ ಬೇರೊಂದು ದೊಡ್ಡ ತೀರ್ಪಿನ ಕೊನೆಗೆ, ಸಣ್ಣಕ್ಷರದಲ್ಲಿ ಎರಡು ಸಾಲು. ಹಸಿರಿನಲ್ಲಿ ನಾಲ್ಕು ಪುಟ, ಆ ನಾಲ್ಕರಲ್ಲಿ ಮೂರನೆಯದರ ಬುಡದಲ್ಲಿ ಒಂಬತ್ತು ಎಂಬ ಪುಟ್ಟ ಅಂಕಿ, ಅದರ ಮುಂದೆ ಹತ್ತು ಸಾಲು. ಕೇಸ್‌ಬುಕ್ಕಿನ ಸಂಪಾದಕರು ಅಡಿಟಿಪ್ಪಣಿಗಳನ್ನು ಕತ್ತರಿಸಿದರೂ ಉಳಿದದ್ದರ ಮೂಲ ಸಂಖ್ಯೆ ಬದಲಿಸುವುದಿಲ್ಲ. ಹಾಗಾಗಿ ಮಿಕ್ಕವೆಲ್ಲ ಹೋಗಿ ಒಂಬತ್ತೊಂದೇ ನಿಂತಿತ್ತು, ಬೇಲಿ ಕಿತ್ತ ಹೊಲದಲ್ಲಿ ಒಂಟಿ ಗೂಟದ ಹಾಗೆ.

ಕೊರ್ಪೆಲಾ ಅಂದರೆ ತೌನೋ ಕೊರ್ಪೆಲಾ. ಐಲಾಳ ಅಣ್ಣ. ಮೆರಿಲ್ ಎಂಬುದು ಹತ್ತು ವರ್ಷ ಬಾಳಿ ಬಿಟ್ಟ ಗಂಡನ ಹೆಸರು. ಅದನ್ನು ಅವಳು ಹಾಗೇ ಇಟ್ಟುಕೊಂಡದ್ದಕ್ಕೆ ಒಂದು ಕಾರಣ ಈ ನಾಲ್ಕು ಪುಟಗಳು.

೧೯೭೫ರ ಅಕ್ಟೋಬರಿನಲ್ಲಿ ತೌನೋನನ್ನು ರಾಜ್ಯದ ಮಾನಸಿಕ ಆಸ್ಪತ್ರೆಗೆ ಕರೆದೊಯ್ದಾಗ ಅವನಿಗೆ ಇಪ್ಪತ್ತೆರಡು. ಅಪ್ಪನ ಜೊತೆ ಅದಿರಿನ ಹಡಗುಕಟ್ಟೆಯಲ್ಲಿ ಕೆಲಸ ಮಾಡುತ್ತಿದ್ದವನು ಆ ಬೇಸಿಗೆಯಿಂದ ನಿದ್ದೆ ಬಿಟ್ಟಿದ್ದ. ಹಡಗಿನ ಸಿಳ್ಳು ತನ್ನ ಹೆಸರು ಕೂಗುತ್ತದೆ ಅನ್ನುತ್ತಿದ್ದ. ಕಾರು ಬಂದಾಗ ಹದಿನೆಂಟರ ಐಲಾ ಮೆಟ್ಟಿಲ ಮೇಲೆ ಕೂತಿದ್ದಳು. ಕೆಳಗಿನಿಂದ ಅವನು, "ಐಲಾ, ಬರ್ತೀನೇ," ಅಂದ. ಅವಳು ಇಳಿದು ಹೋಗಲಿಲ್ಲ. ಅವನ ಕಣ್ಣು ನೋಡಲು ಹೆದರಿಕೆಯಾಗಿತ್ತು, ಅಷ್ಟೇ.

ಅಲ್ಲಿಂದ ಒಂದು ಪತ್ರವೂ ಬರಲಿಲ್ಲ. ಅಮ್ಮ ಎರಡು ಸಲ ಬರೆದರು, ಉತ್ತರವಿಲ್ಲ. "ಕೈ ಇದೆಯಲ್ಲ ಅವನಿಗೆ, ಅವನೇ ಬರೀಲಿ," ಎಂದು ಅಪ್ಪ ಊಟದ ಮೇಜಿನಿಂದ ಎದ್ದರು. ನಾನು ಮೆಟ್ಟಿಲಿಳಿಯಲಿಲ್ಲ ಎಂಬ ಸಿಟ್ಟು ಅವನಿಗೆ ಎಂದು ಐಲಾ ಮನಸ್ಸಿನಲ್ಲೇ ತೀರ್ಮಾನಿಸಿದಳು. ಸಿಟ್ಟು ಇಳಿದ ಮೇಲೆ ಬರೆಯುತ್ತಾನೆ; ಅವನು ಬರೆದರೆ ತಾನೂ ಬರೆಯುವುದು. ಹೀಗೆ ಎರಡು ಚಳಿಗಾಲ ಹೋದವು.

೧೯೭೭ರ ನವೆಂಬರಿನಲ್ಲಿ ಒಬ್ಬ ವಕೀಲೆ ಮನೆಗೆ ಬಂದರು. ಬೂಟಿನ ಹಿಮ ಕೊಡವಿ, ಕಾಫಿ ಕುಡಿದು, ಕಂದು ಲಕೋಟೆ ತೆಗೆದರು. ಒಳಗೆ ನಲವತ್ತೊಂದು ಪತ್ರಗಳ ನಕಲು. ರೋಗಿಯ ಪತ್ರ ಚಿಕಿತ್ಸೆಗೆ ಅಡ್ಡಿ ಎಂದು ಮೇಲ್ವಿಚಾರಕರಿಗೆ ಅನ್ನಿಸಿದರೆ ಕಡತದಲ್ಲೇ ಇಟ್ಟುಕೊಳ್ಳಬಹುದು ಎಂಬ ನಿಯಮವಿತ್ತು. ಬಂದ ಪತ್ರಕ್ಕೂ ಹೋಗುವ ಪತ್ರಕ್ಕೂ ಅದೇ ನಿಯಮ, ಅದೇ ಕಡತ. ಅಮ್ಮನ ಎರಡೂ ಅಲ್ಲೇ ಇದ್ದವು. ರೋಗಿಗಾಗಲಿ ಮನೆಯವರಿಗಾಗಲಿ ಹೇಳುವ ಪದ್ಧತಿ ಇರಲಿಲ್ಲ. ನಿಮ್ಮ ಮಗ ಮೇಲ್ವಿಚಾರಕ ಸ್ಟ್ರೀಟರ್ ಮೇಲೆ ದಾವೆ ಹಾಕಲು ಒಪ್ಪಿದ್ದಾನೆ ಎಂದರು ವಕೀಲೆ. ಆಮೇಲೆ ಐಲಾಳ ಕಡೆ ತಿರುಗಿ, ಬಹುಪಾಲು ನಿನಗೇ ಬರೆದದ್ದು, ಯಾವುದಾದರೂ ಒಂದನ್ನು ಕೋರ್ಟಿನ ಮುಂದೆ ಇಡಬೇಕು, ನೀನೇ ಆರಿಸಿಕೊಡು ಎಂದರು.

ಅವಳು ಮೂರು ದಿನ ಓದಿ ಒಂದನ್ನು ಆರಿಸಿದಳು. ಸಿಟ್ಟಿಲ್ಲದ್ದು. ಹಡಗಿನ ಸಿಳ್ಳಿಲ್ಲದ್ದು. ಓದಿದವರು ಇವನಿಗೇನಾಗಿದೆ, ಸರಿಯಾಗೇ ಇದ್ದಾನಲ್ಲ ಅನ್ನುವಂಥದ್ದು. ಉಳಿದ ನಲವತ್ತನ್ನು ಲಕೋಟೆಗೆ ಹಾಕಿ ಅಂಟಿಸಿದಳು.

ಮೊಕದ್ದಮೆ ವಾಷಿಂಗ್ಟನ್ನಿನ ದೊಡ್ಡ ಕೋರ್ಟಿನ ತನಕ ಹೋಗಿ ೧೯೮೧ರ ಜೂನ್‌ನಲ್ಲಿ ಮುಗಿಯಿತು. ಗೆದ್ದರು. ಹೇಳದೆ ಕೇಳದೆ ಪತ್ರ ತಡೆಹಿಡಿಯುವ ಹಾಗಿಲ್ಲ ಎಂದಿತು ಕೋರ್ಟು. ಅರವತ್ತೊಂದು ಪುಟದ ತೀರ್ಪಿನ ಒಂಬತ್ತನೆಯ ಅಡಿಟಿಪ್ಪಣಿಯಲ್ಲಿ ಆ ಪತ್ರ ಅಚ್ಚಾಯಿತು. ತಂಗಿಯ ಹೆಸರಿದ್ದ ಕಡೆ ಒಂದು ಅಡ್ಡಗೆರೆ. ಐಲಾ ತೀರ್ಪನ್ನು ತೆಗೆದುಕೊಂಡು ಆಸ್ಪತ್ರೆಗೆ ಓಡಿದಳು. "ಇನ್ನು ಏನು ಬೇಕಾದ್ರೂ ಬರೀಬಹುದು ಅಣ್ಣಾ, ಯಾರೂ ಹಿಡಿಯೋ ಹಾಗಿಲ್ಲ." ಆ ಹೊತ್ತಿಗೆ ಔಷಧಿಯಿಂದ ಅವನ ಕೈ ನಡುಗುತ್ತಿತ್ತು. ತೀರ್ಪಿನ ಹಾಳೆಗಳನ್ನು ಮೊಣಕಾಲ ಮೇಲಿಟ್ಟುಕೊಂಡು, "ಬರಿಯೋದೆಲ್ಲ ಬರೆದಾಯ್ತಲ್ಲೇ," ಅಂದ. ೧೯೮೩ರ ಫೆಬ್ರವರಿಯಲ್ಲಿ ನ್ಯುಮೋನಿಯಾ ಆಗಿ ತೀರಿಕೊಂಡ. ಪತ್ರ ಬರೆಯುವ ಹಕ್ಕು ಗೆದ್ದವನು ಗೆದ್ದ ಮೇಲೆ ಒಂದೂ ಬರೆಯಲಿಲ್ಲ.

ಕಾನೂನು ಓದಿ, ಊರೂರು ಸುತ್ತಿ, ಐಲಾ ಈ ಕಾಲೇಜಿಗೆ ಬಂದ ವರ್ಷ ಪುಸ್ತಕ ಆರಿಸುವ ಸರದಿ ಬಂದಾಗ ಸೂಚಿಯಲ್ಲಿ ಮೊದಲು ಹುಡುಕಿದ್ದು ಕೊರ್ಪೆಲಾ. ಗ್ರೇಬಿಲ್ಲರ ಹಸಿರು ಪುಸ್ತಕವೊಂದರಲ್ಲೇ ಆ ಟಿಪ್ಪಣಿ ಇತ್ತು. ಅಮೆರಿಕದ ಎಲ್ಲ ಕಾನೂನು ಕಾಲೇಜುಗಳಂತೆ ಇಲ್ಲೂ ಮೇಷ್ಟ್ರು ಪಾಠ ಹೇಳುವುದಿಲ್ಲ, ಕೇಳುತ್ತಾರೆ. ಪಟ್ಟಿ ನೋಡಿ ಒಂದು ಹೆಸರು ಕರೆದು, ತೀರ್ಪಿನ ಸಂಗತಿ ಹೇಳಿ ಎಂದರೆ ಆ ಒಬ್ಬರು ತಡವರಿಸುತ್ತ ಹೇಳಬೇಕು. ಪ್ರತಿ ಏಪ್ರಿಲ್‌ನಲ್ಲಿ ಕೊರ್ಪೆಲಾ ಬಂದಾಗ ಅವಳು ಒಬ್ಬರನ್ನು ಕರೆದು ಒಂಬತ್ತನೆಯ ಅಡಿಟಿಪ್ಪಣಿಯನ್ನು ಗಟ್ಟಿಯಾಗಿ ಓದಿಸುತ್ತಿದ್ದಳು. ಅದು ತನ್ನ ಅಣ್ಣನದೆಂದು ಯಾರಿಗೂ ಹೇಳಿರಲಿಲ್ಲ. ಹುಡುಗರು ಓದಿದರು, ಹುಡುಗಿಯರು ಓದಿದರು. ಸೇನೆಯಿಂದ ಬಂದ ನಲವತ್ತರ ಗಂಡಸೊಬ್ಬ ಆಜ್ಞೆ ಕೊಡುವವನಂತೆ ಓದಿದ. ಸಾಂಕ್ರಾಮಿಕದ ಎರಡು ವರ್ಷ ಪರದೆಯ ಮೇಲಿನ ಚೌಕದೊಳಗಿಂದ, ಹಿಂದೆ ನಾಯಿ ಬೊಗಳುತ್ತಿರುವಾಗ ಓದಿದರು. ಯಾರಿಗೂ ಕೇಳಿಸದೆ ಉಳಿದ ದನಿಗೆ ವರ್ಷಕ್ಕೊಂದು ಗಂಟಲು.

ಹತ್ತು ಗಂಟೆಗೆ ತರಗತಿ ತುಂಬಿತ್ತು. ಕಿಟಕಿಯಾಚೆ ಸುಪೀರಿಯರ್ ಸರೋವರ ಕಬ್ಬಿಣದ ಬಣ್ಣಕ್ಕೆ ತಿರುಗಿತ್ತು. ಆ ಚಳಿಗಾಲ ಅದು ಹೆಪ್ಪುಗಟ್ಟಿಯೇ ಇರಲಿಲ್ಲ.

"ಮಿಸ್ ಓಡೆಗಾರ್ಡ್," ಎಂದಳು ಐಲಾ. "ಕೊರ್ಪೆಲಾ. ಸಂಗತಿ ಹೇಳಿ."

ಮೂರನೆಯ ಸಾಲಿನಲ್ಲಿ ಕೆಂಚು ಜಡೆಯ ಹುಡುಗಿ ನೆಟ್ಟಗೆ ಕೂತಳು. ಅವಳದು ಎರಡು ಮೂರು ಕೈ ಬದಲಾಯಿಸಿದ ಪ್ರತಿ. ಸಂಗತಿಗೆ ಹಳದಿ, ಪ್ರಶ್ನೆಗೆ ಹಸಿರು, ತೀರ್ಮಾನಕ್ಕೆ ಗುಲಾಬಿ ಎಂದು ಹಿಂದಿನವರು ಬಳಿದ ಬಣ್ಣಗಳು ದೂರಕ್ಕೇ ಕಾಣುತ್ತಿದ್ದವು. ಹುಡುಗಿ ಬಣ್ಣದ ಮೇಲೆ ಬೆರಳಿಟ್ಟುಕೊಂಡು ಚೆನ್ನಾಗಿಯೇ ಹೇಳಿದಳು.

"ಒಂಬತ್ತನೇ ಅಡಿಟಿಪ್ಪಣಿ ಓದಿ."

ಹುಡುಗಿ ಪುಟದ ಬುಡ ನೋಡಿದಳು. ಅಲ್ಲಿ ಯಾವ ಬಣ್ಣವೂ ಇರಲಿಲ್ಲ.

"ಅರ್ಜಿದಾರನ ಪತ್ರಗಳಲ್ಲೊಂದು ಹೀಗಿದೆ," ಎಂದು ಶುರು ಮಾಡಿದಳು. "ಪ್ರೀತಿಯ... ಇಲ್ಲಿ ಗೆರೆ ಇದೆ ಪ್ರೊಫೆಸರ್. ಹೆಸರು ಬಿಟ್ಟಿದ್ದಾರೆ."

"ಬಿಟ್ಟು ಓದಿ."

"ಪ್ರೀತಿಯ ಯಾರೋ," ಎಂದು ಓದಿದಳು ಹುಡುಗಿ, ಹಿಂದೆ ಯಾರೋ ಮೆಲ್ಲಗೆ ನಕ್ಕರು. "ಇಲ್ಲಿ ಕಿಟಕಿಯಿಂದ ರೈಲು ಕಾಣುತ್ತೆ, ಕೇಳಿಸಲ್ಲ. ಗಾಜು ದಪ್ಪ. ಗುರುವಾರ ಮೀನು ಕೊಡ್ತಾರೆ, ಅಮ್ಮನ ಕೈಯದಲ್ಲ. ನನ್ನ ಸ್ಕೇಟು ಅಟ್ಟದ ಮೇಲಿದೆ, ಈ ಚಳಿಗಾಲ ನೀನೇ ಹಾಕ್ಕೋ. ಮುಂದುಗಡೆ ಉಣ್ಣೆ ತುರುಕಿದ್ರೆ ನಿನ್ನ ಕಾಲಿಗೆ ಸರಿಹೋಗುತ್ತೆ. ಹಡಗುಕಟ್ಟೆ ಹತ್ರ ಮಾತ್ರ ಹೋಗ್ಬೇಡ, ಅಲ್ಲಿ ಮಂಜುಗಡ್ಡೆ ತೆಳು. ಆ ದಿನ ನೀನು ಕೆಳಗೆ ಬರಲಿಲ್ಲ ಅಂತ ನನಗೇನೂ ಇಲ್ಲ. ನಾನಾಗಿದ್ರೂ ಬರ್ತಿರಲಿಲ್ಲ. ಉತ್ತರ ಬರೀಲೇಬೇಕು ಅಂತಿಲ್ಲ. ಬರೆದ್ರೆ ದೊಡ್ಡಕ್ಷರದಲ್ಲಿ ಬರಿ, ಇಲ್ಲಿ ದೀಪ ಮಂದ."

ಹುಡುಗಿ ಓದಿದ್ದು ಅವಸರದಲ್ಲಿ, ಆದರೆ 'ಮಂಜುಗಡ್ಡೆ ತೆಳು' ಅನ್ನುವಲ್ಲಿ ಯಾಕೋ ನಿಧಾನಿಸಿದಳು. ಐಲಾ ಮೇಜಿನ ಅಂಚು ಹಿಡಿದು ನಿಂತಿದ್ದಳು. ಇಪ್ಪತ್ತಾರನೆಯದು.

"ಈ ಟಿಪ್ಪಣಿ ಇಲ್ಲಿ ಯಾಕಿದೆ?" ಎಂದು ಎಂದಿನಂತೆ ಕೇಳಿದಳು.

ಗೋಡೆ ಪಕ್ಕದ ಹುಡುಗ ಕೈ ಎತ್ತಿದ. "ಪ್ರೊಫೆಸರ್, ಸಿಟ್ಟಾಗಬೇಡಿ. ಪುರವಣಿ ಇನ್ನೂರ ಹದಿನಾಲ್ಕನೇ ಪುಟದಲ್ಲಿ, ಇದಕ್ಕಿಂತ ದೊಡ್ಡ ತೀರ್ಪು ಬಂದು ಇದನ್ನ ಒಳಗೆ ಹಾಕ್ಕೊಂಡಿದೆ ಅಂತಿದೆ. ಅಂದ್ರೆ ಇವತ್ತು ಇದು ಬೇಕಾಗೇ ಇಲ್ಲ ಅಲ್ವಾ? ನಿನ್ನೆ ಇದಕ್ಕೆ ಅಂತ ಎರಡು ಗಂಟೆ ಕೂತೆ. ಆ ದೊಡ್ಡದನ್ನ ಓದೋಕೆ ಟೈಮೇ ಸಿಗಲಿಲ್ಲ."

"ಪರೀಕ್ಷೆಗೆ ಯಾವುದು ಬರುತ್ತೆ?" ಎಂದು ಇನ್ನೊಬ್ಬಳು ಕೇಳಿದಳು.

"ದೊಡ್ಡದು," ಎಂದಳು ಐಲಾ.

ಮೂವತ್ತೆರಡು ಪೆನ್ನುಗಳು ಒಟ್ಟಿಗೆ ಅದನ್ನು ಬರೆದುಕೊಂಡವು. ಆ ಹುಡುಗ ಹೇಳಿದ್ದು ಸರಿ. ಆ ದೊಡ್ಡ ತೀರ್ಪು ಕೊರ್ಪೆಲಾಕ್ಕೆ ಎದುರಾದದ್ದಲ್ಲ. ಅದು ಹೇಳಿದ್ದನ್ನೇ ಇನ್ನಷ್ಟು ಅಗಲ ಮಾಡಿ, ಎಲ್ಲರಿಗೂ ಹಬ್ಬಿಸಿ ಹೇಳಿತ್ತು. ಕೊರ್ಪೆಲಾ ಸೋತು ಹೋದದ್ದಲ್ಲ, ಕೆಲಸ ಮುಗಿದು ಹೋದದ್ದು. ಹಾಗಾಗಿ ಕೋಪಿಸಿಕೊಳ್ಳಲೂ ಯಾರೂ ಇರಲಿಲ್ಲ.

ಕೋಣೆಗೆ ವಾಪಸ್ಸು ಬಂದಾಗ ಹನ್ನೊಂದು ಗಂಟೆ ಎಂಟು ನಿಮಿಷ. ಇಲಾಖೆಯ ಕಾರ್ಯದರ್ಶಿ ಡೊರೀನ್ ಬಾಗಿಲಲ್ಲೇ ನಿಂತಿದ್ದಳು, ಕೈಯಲ್ಲಿ ಕಾಗದದ ತಟ್ಟೆ, ಅದರಲ್ಲಿ ಏಲಕ್ಕಿ ಬ್ರೆಡ್ಡಿನ ಎರಡು ತುಂಡು. ಇಬ್ಬರೂ ಒಂದೇ ಬೀದಿಯಲ್ಲಿ ಬೆಳೆದವರು.

"ತಿಂದ್ಕೊಂಡು ಸಹಿ ಹಾಕೇ. ಹನ್ನೆರಡು ಅಂದ್ರೆ ಹನ್ನೆರಡೇ. ಕಳೆದ ವರ್ಷ ನೀನು ಮೂರು ದಿನ ತಡ ಮಾಡಿ, ಪುಸ್ತಕದಂಗಡಿಯವನು ನನ್ನ ಜೀವ ತಿಂದ."

"ಒಂದು ಫೋನ್ ಮಾಡ್ಬೇಕು ಡೊರೀನ್, ಅಷ್ಟೇ."

"ಯಾರಿಗೆ?"

"ಗ್ರೇಬಿಲ್‌ಗೆ."

"ಅಯ್ಯೋ, ಆ ಮುದುಕ ಇನ್ನೂ ಇದ್ದಾನಾ!" ಎಂದು ತಟ್ಟೆಯಿಟ್ಟು ಹೋದಳು.

ಸೈಲಸ್ ಗ್ರೇಬಿಲ್ ಇದ್ದರು. ಎಂಬತ್ತೊಂಬತ್ತು ವರ್ಷ, ಅರಿಜೋನಾದಲ್ಲಿ ಮಗಳ ಮನೆ. ನಾಲ್ಕನೆಯ ರಿಂಗಿಗೆ ಎತ್ತಿಕೊಂಡು, ಐಲಾ ಹೆಸರು ಹೇಳಿದ ಕೂಡಲೆ, "ಓ, ಡುಲೂತ್! ನನ್ನ ಕೊನೇ ಗಿರಾಕಿ!" ಎಂದು ಕೂಗಿದರು. ಕಿವಿ ಮಂದವಾದವರ ಕೂಗು.

"ಎಂಟನೇ ಆವೃತ್ತಿ ಬರುತ್ತಾ ಅಂತ ಕೇಳೋಣ ಅಂತ."

"ಪುಸ್ತಕದ್ದಾ? ಮೊದಲು ನನ್ನ ಸೊಂಟದ್ದು ಎರಡನೇ ಆವೃತ್ತಿ ಬರಲಿ, ತಡೀರಿ." ಅವರು ತಮ್ಮ ಮಾತಿಗೆ ತಾವೇ ನಕ್ಕು ಕೆಮ್ಮಿದರು. "ಇಲ್ಲಮ್ಮ. ಮುಗೀತು. ಬೇರೆ ಯಾರೋ ಹುಡುಗರಿಗೆ ಕೊಡ್ತೀವಿ ಅಂದ್ರು, ಆಮೇಲೆ ಆ ಮಾತೂ ಇಲ್ಲ. ಒಳ್ಳೇ ನೀಲಿ ಪುಸ್ತಕ ಒಂದು ಬಂದಿದೆಯಂತೆ, ಅದನ್ನ ತಗೊಳ್ಳಿ."

ಐಲಾ ಹಸಿರು ಪುಸ್ತಕವನ್ನು ಆ ಪುಟಕ್ಕೇ ತೆರೆದಿಟ್ಟುಕೊಂಡಿದ್ದಳು. "ಇನ್ನೊಂದು ಕೇಳಬೇಕಿತ್ತು. ಕೊರ್ಪೆಲಾದಲ್ಲಿ ಒಂಬತ್ತನೇ ಅಡಿಟಿಪ್ಪಣಿ ಇಟ್ಟಿದ್ದೀರಿ. ಬೇರೆ ಯಾರೂ ಇಟ್ಟಿಲ್ಲ. ಯಾಕೆ ಇಟ್ರಿ?"

ಇಪ್ಪತ್ತಾರು ವರ್ಷ ಈ ಪ್ರಶ್ನೆಗೆ ಅವಳು ತಾನೇ ಉತ್ತರ ಕೊಟ್ಟುಕೊಂಡಿದ್ದಳು. ಎಲ್ಲೋ ಒಬ್ಬ ಮನುಷ್ಯ, ಕತ್ತರಿ ಹಿಡಿದು ಕೂತವನು, ಎಲ್ಲವನ್ನೂ ಕತ್ತರಿಸುತ್ತ ಬಂದು ಆ ಹತ್ತು ಸಾಲಿನ ಮುಂದೆ ಕೈ ತಡೆದ. ಆ ಕೈಯನ್ನು ನೆನೆದೇ ಅವಳು ಪ್ರತಿ ಏಪ್ರಿಲ್‌ನಲ್ಲೂ ಹಸಿರು ಪುಸ್ತಕದ ಚೀಟಿಗೆ ಸಹಿ ಹಾಕಿದ್ದಳು.

"ಓ, ಆ ಸ್ಕೇಟು!" ಎಂದರು ಗ್ರೇಬಿಲ್. "ನಾನೆಲ್ಲಿ ಇಟ್ಟೆ? ಅದು ತಪ್ಪಿ ಉಳಿದದ್ದು. ಎಂಬತ್ತನಾಲ್ಕರಲ್ಲಿ ಏನಿತ್ತು ಹೇಳಿ, ಕತ್ತರಿ, ಗೋಂದು, ಕೆಂಪು ಪೆನ್ಸಿಲ್. ತೀರ್ಪಿನ ನಕಲು ಹರಡ್ಕೊಂಡು ಬೇಕಾದ್ದು ಕತ್ತರಿಸಿ ಅಂಟಿಸೋದು. ಅಡಿಟಿಪ್ಪಣಿ ಎಲ್ಲಾ ತೆಗೀಬೇಕು ಅಂತ ನನ್ನ ನಿಯಮ. ಕೊರ್ಪೆಲಾದಲ್ಲಿ ಎರಡು ಹಾಳೆ ಗೋಂದಿಗೆ ಅಂಟ್ಕೊಂಡು, ಒಳಗಡೆ ಪುಟಕ್ಕೆ ಪೆನ್ಸಿಲ್ಲೇ ಹೋಗಿಲ್ಲ. ಅಚ್ಚಾಗಿ ಬಂದ ಮೇಲೆ ನೋಡ್ತೀನಿ, ಒಂಬತ್ತು ಅಂತ ಕೂತಿದೆ! ನನ್ನ ಹೆಂಡತಿ ಹೊಟ್ಟೆ ಹಿಡ್ಕೊಂಡು ನಕ್ಕಳು. ಆಮೇಲೆ ಪ್ರತಿ ಆವೃತ್ತಿಗೂ ತೆಗೀಬೇಕು ಅಂತ ಬರ್ಕೊಳ್ತಿದ್ದೆ. ತೆಗೆದ್ರೆ ಅಲ್ಲಿಂದ ಮುಂದಿನ ಪುಟ ಎಲ್ಲಾ ಸರಿಯುತ್ತೆ, ಸೂಚಿ ತಿದ್ದಬೇಕು. ಹಾಳಾಗಲಿ ಅಂತ ಬಿಟ್ಟೆ."

ಐಲಾ ಕಿಟಕಿಯ ಕಡೆ ತಿರುಗಿದಳು. ಕಿಟಕಿಯ ಕೆಳಗೆ ವರ್ಷದ ಮೊದಲ ಅದಿರಿನ ಹಡಗುಗಳಲ್ಲೊಂದು ಸೇತುವೆಯ ಕಡೆ ಸರಿಯುತ್ತಿತ್ತು.

"ಅದರಲ್ಲಿ ಕಾನೂನು ಏನಿದೆ ಹೇಳಿ?" ಎಂದರು ಅವರು. "ಒಬ್ಬ ಹುಡುಗ ಸ್ಕೇಟಿನ ವಿಷಯ ಬರೆದಿದ್ದಾನೆ."

"ಏನೂ ಇಲ್ಲ."

"ಅಲ್ವಾ? ಯಾಕೆ ಕೇಳಿದ್ರಿ?"

ಹೇಳಬಹುದಿತ್ತು. ಆ ಗೆರೆ ನಾನು ಎಂದು ಒಂದು ಮಾತು. ಆದರೆ ಎಂಬತ್ತೊಂಬತ್ತರ ಮುದುಕನಿಗೆ ನಲವತ್ತು ವರ್ಷದ ಹಿಂದೆ ನಕ್ಕ ನಗುವನ್ನು ವಾಪಸ್ಸು ನುಂಗಿಸುವುದು ಅವಳಿಗೆ ಬೇಕಿರಲಿಲ್ಲ.

"ಸುಮ್ನೆ. ಕ್ಲಾಸಲ್ಲಿ ಒಬ್ರು ಕೇಳಿದ್ರು."

"ಬುದ್ಧಿವಂತ ಮಗು. ಇಷ್ಟು ವರ್ಷದಲ್ಲಿ ಯಾರೂ ಕೇಳಿರಲಿಲ್ಲ," ಎಂದು ಗ್ರೇಬಿಲ್ ಆರೋಗ್ಯ ನೋಡಿಕೊಳ್ಳಿ ಎಂದೆಲ್ಲ ಹೇಳಿ ಫೋನಿಟ್ಟರು.

ಅವಳು ಬ್ರೆಡ್ಡಿನ ಒಂದು ತುಂಡು ಮುರಿದು ಬಾಯಿಗಿಟ್ಟುಕೊಂಡಳು. ಯಾರೂ ಕೈ ತಡೆದಿರಲಿಲ್ಲ. ಆಸ್ಪತ್ರೆಯವರು ನಿಯಮದಂತೆ ನಲವತ್ತೊಂದನ್ನೂ ತಡೆದರು, ಇವರು ನಿಯಮ ತಪ್ಪಿ ಒಂದನ್ನು ಬಿಟ್ಟರು. ಎರಡು ಕಡೆಯೂ ಓದಿ ಮಾಡಿದ್ದಲ್ಲ. ಓದಿ ಆರಿಸಿದ್ದು ತಾನೊಬ್ಬಳೇ. ಓದಿ, ನಲವತ್ತನ್ನು ಬಿಟ್ಟದ್ದೂ ತಾನೇ. ಹಡಗು ಹೆಸರು ಕೂಗುತ್ತದೆ ಎಂದು ಬರೆದವುಗಳನ್ನು, ಯಾಕೆ ಬರಲಿಲ್ಲ, ಯಾಕೆ ಬರೆಯುವುದಿಲ್ಲ ಎಂದು ಒಂದೇ ಸಾಲನ್ನು ಪುಟದ ತುಂಬ ಬರೆದವುಗಳನ್ನು. ತೌನೋನನ್ನು ಮೊದಲು ಕತ್ತರಿಸಿದ್ದು ಯಾವ ಕೇಸ್‌ಬುಕ್ಕೂ ಅಲ್ಲ.

ಈ ಟಿಪ್ಪಣಿಗಾಗಿ ಹಸಿರನ್ನೇ ಇನ್ನೊಂದು ವರ್ಷ ಎಳೆಯಬಹುದಿತ್ತು. ರೂಫಸ್ ಗೊಣಗುತ್ತಿದ್ದ, ಆದರೆ ಹಿರಿಯಳ ಮಾತು ಮೀರುತ್ತಿರಲಿಲ್ಲ. ಇನ್ನೊಂದು ಏಪ್ರಿಲ್, ಇನ್ನೊಂದು ಗಂಟಲು. ಅವಳಿಗೆ ಟೆರೆಲ್ ನೆನಪಾದಳು. ಆ ಹುಡುಗಿಗೆ ಹಸಿರು ಪುಸ್ತಕ ಕೊಟ್ಟವಳು ತಾನು. ಸತ್ತದ್ದು ಜೀವಂತ ಇದೆ ಎಂದು ನಂಬಿಸುವ ಪುಸ್ತಕವನ್ನು, ತನಗೆ ಬೇಕಿತ್ತು ಎಂಬ ಒಂದೇ ಕಾರಣಕ್ಕೆ, ವರ್ಷಕ್ಕೆ ಅರವತ್ತು ಚೀಲಗಳಿಗೆ ತುಂಬಿದವಳು.

ಹನ್ನೊಂದೂ ಮುಕ್ಕಾಲಿಗೆ ರೂಫಸ್ ಬಾಗಿಲು ತಟ್ಟಿ ತಲೆ ಒಳಗಿಟ್ಟ. ಕೈಯಲ್ಲಿ ಆ ಹಾಳೆ, ಹಿಂದೆ ಡೊರೀನ್.

"ನೀಲಿ," ಎಂದಳು ಐಲಾ.

ರೂಫಸ್ ಅಲ್ಲೇ ನಿಂತ. "ಏನು, ಇಷ್ಟೇನಾ? ಜಗಳಕ್ಕೆ ಅಂತ ಹನ್ನೊಂದು ಕಾರಣ ಬರ್ಕೊಂಡು ಬಂದಿದ್ದೆ."

"ಹತ್ತು ನಿನ್ನ ಹತ್ರಾನೇ ಇಟ್ಕೋ. ಒಂದು ಸಾಕಾಯ್ತು."

"ಯಾವುದು?"

"ಟೆರೆಲ್."

ಅವನು ಕುರ್ಚಿ ಎಳೆದು ಕೂತ. ಸ್ವಲ್ಪ ಹೊತ್ತು ಅವಳ ಮುಖ ನೋಡಿ, ಮೇಜಿನ ಮೇಲೆ ತೆರೆದಿದ್ದ ಪುಟ ನೋಡಿ, "ಕೊರ್ಪೆಲಾ ನಿಮಗೆ ಇಷ್ಟ ಅಂತ ಗೊತ್ತು," ಎಂದ. "ಮಕ್ಕಳು ಹೇಳ್ತಾರೆ, ಪ್ರತಿ ವರ್ಷ ಅದೇ ಟಿಪ್ಪಣಿ ಓದಿಸ್ತೀರಂತೆ. ಅದು ಹೋಗುತ್ತೆ ಅಂತ ಬೇಜಾರಾದ್ರೆ, ಪೂರ್ತಿ ತೀರ್ಪನ್ನೇ ನಕಲು ಮಾಡಿ ಹಂಚೋಣ. ನನ್ನ ವಿಭಾಗಕ್ಕೂ ಕೊಡ್ತೀನಿ. ಅರವತ್ತು ಪುಟ ತಾನೇ."

"ಅರವತ್ತೊಂದು."

"ಹಂಚೋಣ ಹಾಗಾದ್ರೆ."

ಐಲಾ ಬೇಡವೆಂದು ತಲೆಯಾಡಿಸಿದಳು. ಪುಸ್ತಕದಲ್ಲಿ ಇದ್ದಾಗ ಅದು ತಾನಾಗಿ ಎದುರಾಗುತ್ತಿತ್ತು; ರಸ್ತೆಯಲ್ಲಿ ಸಿಕ್ಕವರ ಹಾಗೆ. ತಾನೇ ಹಂಚಿದರೆ ಯಾಕೆ ಎಂದು ಕೇಳುತ್ತಾರೆ, ಯಾಕೆ ಎಂದು ಹೇಳಬೇಕಾಗುತ್ತದೆ. ಕಾನೂನಿಗೆ ಬೇಕಾದ್ದನ್ನು ಮಾತ್ರ ಇಟ್ಟುಕೊಳ್ಳಿ, ಉಳಿದದ್ದನ್ನು ಬಿಡಲು ಕಲಿಯಿರಿ ಎಂದು ಇಪ್ಪತ್ತಾರು ವರ್ಷ ಮಕ್ಕಳಿಗೆ ಹೇಳಿದವಳು ಅವಳೇ.

"ಬೇಡಪ್ಪ. ಅವರಿಗೆ ಓದೋಕೆ ಬೇಕಾದಷ್ಟಿದೆ. ನೀಲಿಯಲ್ಲಿ ಎರಡು ಸಾಲು ಇದೆ, ಸಾಕು."

ಡೊರೀನ್ ಚೀಟಿ ಮುಂದಿಟ್ಟಳು. ಪುಸ್ತಕದ ಹೆಸರು, ಸಂಪಾದಕರು, ಆವೃತ್ತಿ, ಪ್ರತಿಗಳು ಅರವತ್ತೆಂಟು. ಐಲಾ ಸಹಿ ಹಾಕಿದಳು. ಡೊರೀನ್ ಚೀಟಿಯ ಮೇಲೆ ಗಂಟೆ ಬರೆದುಕೊಳ್ಳುತ್ತ, ಅವಳ ಮುಖ ನೋಡದೆ, "ತೌನೋ ಆ ಸ್ಕೇಟ್ ಹಾಕ್ಕೊಂಡು ಎಷ್ಟು ಜೋರಾಗಿ ಹೋಗ್ತಿದ್ದ, ಅಲ್ವೇನೇ," ಎಂದಳು, ಅವಳಿಗೊಬ್ಬಳಿಗೇ ಕೇಳುವಷ್ಟು.

ಐಲಾ ತಲೆಯೆತ್ತಿದಳು. ಡೊರೀನ್‌ಗೆ ಗೊತ್ತಿತ್ತು. ಒಂದೇ ಬೀದಿ, ಗೊತ್ತಿರದೆ ಹೇಗೆ. ಇಪ್ಪತ್ತಾರು ಚೀಟಿಗಳನ್ನೂ ಅವಳೇ ತೆಗೆದುಕೊಂಡು ಹೋಗಿದ್ದಳು, ಒಂದು ಮಾತೂ ಆಡದೆ.

"ಹೂಂ," ಎಂದಳು ಐಲಾ. "ಜೋರಾಗೇ ಹೋಗ್ತಿದ್ದ."

ಇಬ್ಬರೂ ಹೋದರು. ತೂಕದ ಯಂತ್ರವನ್ನೂ ಅಳತೆಪಟ್ಟಿಯನ್ನೂ ರೂಫಸ್ ಮರೆತಿದ್ದ. ಐಲಾ ಅಳತೆಪಟ್ಟಿಯನ್ನು ಎತ್ತಿಕೊಂಡು ಹಸಿರು ಪುಸ್ತಕದ ಪುಟದ ಬುಡಕ್ಕೆ ಹಿಡಿದಳು. ಒಂಬತ್ತು ಎಂಬ ಅಂಕಿಯಿಂದ 'ದೀಪ ಮಂದ' ಎಂಬಲ್ಲಿಯ ತನಕ ಒಂದೂಕಾಲು ಅಂಗುಲ. ಪುಸ್ತಕ ಮುಚ್ಚಿ ಕಪಾಟಿನ ಕೆಳಗಿನ ಸಾಲಿಗೆ ಸೇರಿಸಿದಳು. ಆಮೇಲೆ ನೀಲಿಯನ್ನು ಹತ್ತಿರ ಎಳೆದುಕೊಂಡು ಒಂಬೈನೂರ ಆರನೆಯ ಪುಟ ತೆರೆದು, ಸಣ್ಣಕ್ಷರದ ಆ ಎರಡು ಸಾಲಿನ ಮೇಲೆ ಪಟ್ಟಿಯನ್ನು ನೆಟ್ಟಗೆ ನಿಲ್ಲಿಸಿ, ಕನ್ನಡಕ ತೆಗೆದು ಬಗ್ಗಿ ನೋಡಿದಳು. ಎತ್ತರ, ಒಂದು ಅಂಗುಲದ ಹದಿನಾರರಲ್ಲಿ ಐದು ಭಾಗ.